ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕಂಪನಿಯ ವರದಿಯಲ್ಲಿ ಯಾವುದು ಮುಖ್ಯ ಅಂತ ತೀರ್ಮಾನಿಸುವುದು ಹೇಗೆ?

2024ರ ಮಾರ್ಚ್ ತಿಂಗಳು. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಕೂತಿದ್ದೆ. ಹೊಲಿದ ಜೀನ್ಸ್ ಪ್ಯಾಂಟುಗಳನ್ನು ತೊಳೆದು, ಬಣ್ಣ ಮಾಸಿಸಿ, ಇಸ್ತ್ರಿ ಹಾಕಿ ಕಳಿಸುವ ಜಾಗ ಅದು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯಲ್ಲ. ಆದರೆ ಯೂರೋಪಿನ ಖರೀದಿದಾರರು ಕೇಳಿದ್ದರಿಂದ ಮೊದಲ ಸಲ ಸಸ್ಟೇನಬಿಲಿಟಿ ವರದಿ (ಪರಿಸರ, ಕಾರ್ಮಿಕರು, ಸುತ್ತಲಿನ ಜನ, ಇವರ ವಿಷಯದಲ್ಲಿ ಕಂಪನಿ ಹೇಗೆ ನಡೆದುಕೊಳ್ಳುತ್ತಿದೆ ಅಂತ ಹೇಳುವ ವರದಿ) ಮಾಡಲು ಹೊರಟಿದ್ದರು. ಲೆಕ್ಕಪತ್ರದ ಕೆಲಸ ಮಾಡಿಕೊಂಡು ಬಂದವನು ಅಂತ ನನ್ನನ್ನು ಸಹಾಯಕ್ಕೆ ಕರೆದಿದ್ದರು.

ಮೀಟಿಂಗ್ ರೂಮಿನ ಬೋರ್ಡಿನ ಮೇಲೆ ಹದಿನೆಂಟು ವಿಷಯಗಳ ಪಟ್ಟಿ ಇತ್ತು. ಕರೆಂಟು, ಹೊಗೆ, ನೀರು, ಕೊಳಚೆ, ಕಾರ್ಮಿಕರ ಸುರಕ್ಷತೆ, ಡೇಟಾ ಭದ್ರತೆ, ಹೀಗೆ. ಒಬ್ಬೊಬ್ಬರೂ ಒಂದೊಂದಕ್ಕೆ ಒಂದರಿಂದ ಐದು ಅಂಕ ಕೊಡಬೇಕು. ಎಲ್ಲ ಸೇರಿಸಿ ಒಂದು ಚೌಕದಲ್ಲಿ ಚುಕ್ಕಿ ಇಡಬೇಕು. ಮೇಲಿನ ಬಲಮೂಲೆಗೆ ಹೋದದ್ದು ಬಹಳ ಮುಖ್ಯ, ಕೆಳಗಿನ ಎಡಮೂಲೆಗೆ ಬಿದ್ದದ್ದು ಅಷ್ಟೇನಲ್ಲ. ನೀರು ಕೆಳಗಿನ ಎಡಮೂಲೆಗೆ ಬಿತ್ತು. ಬಟ್ಟೆ ತೊಳೆಯುವ ಕಾರ್ಖಾನೆಯಲ್ಲಿ! ನಾನು ಕೇಳಿದಾಗ ಅಕೌಂಟ್ಸ್ ಮ್ಯಾನೇಜರ್ ಹೇಳಿದರು: “ನೀರಿನ ಖರ್ಚು ಎಷ್ಟಾಗುತ್ತೆ ಸಾರ್? ಟರ್ನೋವರ್‌ನಲ್ಲಿ ಕಾಲು ಪರ್ಸೆಂಟೂ ಇಲ್ಲ.”

ಅವರು ಹೇಳಿದ್ದು ಸುಳ್ಳಲ್ಲ. ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಆ ತಿಂಗಳು ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತ್ತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ದಿನಕ್ಕೆ 10 ಟ್ಯಾಂಕರ್ ಅಂದರೆ 10,000 ರೂಪಾಯಿ. ವರ್ಷಕ್ಕೆ 36.5 ಲಕ್ಷ. ಕಂಪನಿಯ ವಹಿವಾಟು 300 ಕೋಟಿ ಅಂತ ಇಟ್ಟುಕೊಂಡರೆ, ಇದು ನೂರಕ್ಕೆ 0.12. ನಮ್ಮ ಕಂಪನಿ ಕಾಯ್ದೆಯ ಮೂರನೇ ಪರಿಶಿಷ್ಟದ ಪ್ರಕಾರ ವಹಿವಾಟಿನ ಶೇ 1ನ್ನು ದಾಟಿದ ಖರ್ಚನ್ನು ಬೇರೆಯಾಗಿ ತೋರಿಸಬೇಕು. ಇಲ್ಲಿ ಶೇ 1 ಅಂದರೆ 3 ಕೋಟಿ. 36.5 ಲಕ್ಷ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನೀರು ‘ಇತರೆ ಖರ್ಚು’ಗಳ ಗುಂಪಿನಲ್ಲಿ ಸೇರಿಹೋಗುತ್ತದೆ. ನೀರಿಲ್ಲದೆ ಒಂದು ಪ್ಯಾಂಟೂ ಹೊರಗೆ ಹೋಗುವುದಿಲ್ಲ, ಆದರೂ ಪುಸ್ತಕದಲ್ಲಿ ನೀರಿಗೆ ಜಾಗವಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಟೀ ಬಿಡುವಿನಲ್ಲಿ ಗೇಟಿನ ಹತ್ತಿರ ಹೋದೆ. ಸೆಕ್ಯುರಿಟಿಯವರ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಇತ್ತು. ಗಾಡಿ ನಂಬರು, ಒಳಗೆ ಬಂದ ಹೊತ್ತು, ಎಷ್ಟು ಲೀಟರ್, ಡ್ರೈವರ್ ಸಹಿ. ಜನವರಿಯ ಪುಟಗಳಲ್ಲಿ ದಿನಕ್ಕೆ ಎರಡು ಮೂರು ಸಾಲು ಟ್ಯಾಂಕರ್. ಮಾರ್ಚಿಗೆ ಬಂದರೆ ಒಂದೊಂದು ದಿನಕ್ಕೆ ಒಂದೊಂದು ಪುಟ. ಕೆಲವು ಸಾಲುಗಳಲ್ಲಿ ಹೊತ್ತು ರಾತ್ರಿ ಎರಡು ಗಂಟೆ ಅಂತ ಇತ್ತು. ರಿಜಿಸ್ಟರ್ ಬರೆಯುತ್ತಿದ್ದ ಸೆಕ್ಯುರಿಟಿಯವರು ಗದಗ ಕಡೆಯ ಹಿರಿಯರು, ನಗುತ್ತಾ ಹೇಳಿದರು: “ಬರದು ಬರದು ಕೈ ನೋಯಾಕತ್ತೈತ್ರಿ ಸರ.”

ಮೀಟಿಂಗ್ ರೂಮಿನಲ್ಲಿ ಯಾರಿಗೂ ಕಾಣದೇ ಇದ್ದದ್ದು ಆ ರಿಜಿಸ್ಟರಿನಲ್ಲಿ ಕಾಣುತ್ತಿತ್ತು. ಇಷ್ಟು ದೊಡ್ಡ ವಿಷಯ ಒಂದು ವರದಿಯಿಂದ ಹೇಗೆ ಜಾರಿ ಹೋಗುತ್ತದೆ ಅನ್ನುವುದು ಅರ್ಥವಾಗಬೇಕಾದರೆ, ಲೆಕ್ಕಿಗರು ದಿನಾ ಬಳಸುವ ಒಂದು ಪದವನ್ನು ಬಿಡಿಸಿ ನೋಡಬೇಕು: ಮೆಟೀರಿಯಾಲಿಟಿ.

ಯಾರ ತೀರ್ಮಾನ ಬದಲಾಗುತ್ತದೆ?

ಕನ್ನಡದಲ್ಲಿ ಇದನ್ನು ‘ಗಣನೀಯತೆ’ ಅನ್ನುವವರಿದ್ದಾರೆ. ನನಗೆ ‘ಲೆಕ್ಕಕ್ಕೆ ಬರುವಂಥದ್ದು’ ಅನ್ನುವುದೇ ಇಷ್ಟ. ಒಂದು ಕಂಪನಿಯಲ್ಲಿ ವರ್ಷವಿಡೀ ಲಕ್ಷಾಂತರ ಸಂಗತಿಗಳು ನಡೆಯುತ್ತವೆ. ಎಲ್ಲವನ್ನೂ ಬರೆದರೆ ಯಾರೂ ಓದುವುದಿಲ್ಲ. ಯಾವುದನ್ನೂ ಬರೆಯದಿದ್ದರೆ ಮೋಸ. ಹಾಗಾದರೆ ಯಾವುದನ್ನು ಬರೆಯಬೇಕು?

ಹಣಕಾಸಿನ ಲೆಕ್ಕದಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಇದೆ. ಒಂದು ಮಾಹಿತಿಯನ್ನು ಬಿಟ್ಟರೆ, ತಪ್ಪಾಗಿ ಕೊಟ್ಟರೆ, ಅಥವಾ ಕಣ್ಣಿಗೆ ಬೀಳದ ಹಾಗೆ ಮಾಡಿದರೆ, ಆ ಲೆಕ್ಕವನ್ನು ನಂಬಿ ಹಣ ಹಾಕುವವರ, ಸಾಲ ಕೊಡುವವರ ತೀರ್ಮಾನ ಬದಲಾಗಬಹುದು ಅನ್ನುವ ಹಾಗಿದ್ದರೆ ಆ ಮಾಹಿತಿ ಮೆಟೀರಿಯಲ್. ಇದರ ಬೇರು ಹಳೆಯದು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪಿನಲ್ಲೂ ಇದೇ ಅಳತೆ: ವಿವೇಕವುಳ್ಳ ಒಬ್ಬ ಷೇರುದಾರ ಮತ ಹಾಕುವಾಗ ಇದನ್ನು ಮುಖ್ಯ ಅಂದುಕೊಳ್ಳುತ್ತಿದ್ದನೇ? 1988ರ ಇನ್ನೊಂದು ತೀರ್ಪು ಮುಂದೆ ನಡೆಯಬಹುದಾದ ಸಂಗತಿಗಳಿಗೆ ಇದನ್ನು ಹೊಂದಿಸಿತು. ಅದು ನಡೆಯುವ ಸಾಧ್ಯತೆ ಎಷ್ಟು, ನಡೆದರೆ ಪೆಟ್ಟು ಎಷ್ಟು ದೊಡ್ಡದು, ಎರಡನ್ನೂ ಒಟ್ಟಿಗೆ ತೂಗಬೇಕು ಅಂತ.

ಗಮನಿಸಿ, ಇಲ್ಲಿ ಎಲ್ಲೂ ಪರ್ಸೆಂಟ್ ಇಲ್ಲ. ಪರ್ಸೆಂಟ್ ಬಂದದ್ದು ಕೆಲಸದ ಅನುಕೂಲಕ್ಕೆ. ಆಡಿಟರು ಎಲ್ಲಾ ವೋಚರುಗಳನ್ನೂ ನೋಡಲಾಗುವುದಿಲ್ಲ. ಎಲ್ಲೋ ಒಂದು ಗೆರೆ ಎಳೆದುಕೊಳ್ಳಬೇಕು. ತೆರಿಗೆಗೆ ಮುಂಚಿನ ಲಾಭದ ಶೇ 5 ಅನ್ನುವುದು ಆಡಿಟ್ ಮಾನದಂಡದಲ್ಲೇ ಉದಾಹರಣೆಯಾಗಿ ಬರುವ ಅಂಕಿ. ಲಾಭ 200 ಕೋಟಿ ಇದ್ದರೆ ಗೆರೆ 10 ಕೋಟಿ. ಅದಕ್ಕಿಂತ ಕೆಳಗಿನ ತಪ್ಪು ಸಾಮಾನ್ಯವಾಗಿ ಒಟ್ಟು ಚಿತ್ರವನ್ನು ಕೆಡಿಸುವುದಿಲ್ಲ ಅಂತ ಅರ್ಥ.

ಆದರೆ ಅನುಕೂಲಕ್ಕೆ ಎಳೆದ ಗೆರೆ ನಿಧಾನಕ್ಕೆ ನಿಯಮವೇ ಆಗಿಬಿಡುತ್ತದೆ. 10 ಕೋಟಿಗಿಂತ ಕಡಿಮೆ ಇದೆಯಾ, ಬಿಡಿ, ಅನ್ನುವ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. 1999ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಒಂದು ಸುತ್ತೋಲೆ ಹೊರಡಿಸಿ, ಶೇ 5ರ ಗೆರೆಯ ಹಿಂದೆ ಮಾತ್ರ ಅಡಗಬೇಡಿ ಅಂತ ಸ್ಪಷ್ಟವಾಗಿ ಹೇಳಬೇಕಾಯಿತು. ಎರಡು ಕೋಟಿಯ ತಪ್ಪೇ ಇಳಿದ ಲಾಭವನ್ನು ಏರಿದ ಹಾಗೆ ತೋರಿಸುತ್ತಿರಬಹುದು. ಆ ಎರಡು ಕೋಟಿಯಿಂದಲೇ ಮೇಲಿನವರಿಗೆ ಬೋನಸ್ ಸಿಗುವ ಹಾಗಿರಬಹುದು. ಬ್ಯಾಂಕಿನ ಸಾಲದ ಷರತ್ತು ಮುರಿದದ್ದನ್ನು ಅದು ಮುಚ್ಚಿರಬಹುದು. ಮೊತ್ತ ಚಿಕ್ಕದು, ವಿಷಯ ದೊಡ್ಡದು.

ನಮ್ಮ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2023ರಲ್ಲಿ ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳಿಗೆ ಅಂಕಿಗಳ ಗೆರೆಯನ್ನೇ ಹಾಕಿಕೊಟ್ಟಿತು. ಒಂದು ಘಟನೆಯ ಪರಿಣಾಮ ವಹಿವಾಟಿನ ಶೇ 2, ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರ) ಶೇ 2, ಅಥವಾ ಮೂರು ವರ್ಷದ ಸರಾಸರಿ ಲಾಭ-ನಷ್ಟದ ಶೇ 5, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದರೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ನನಗೆ ಇದು ಸರಿ ಅನ್ನಿಸುತ್ತದೆ. ಮೊದಲು ‘ನಮಗೆ ಮುಖ್ಯ ಅನ್ನಿಸಲಿಲ್ಲ’ ಎಂದು ಸುಮ್ನೆ ಕೂರಬಹುದಿತ್ತು. ಈಗ ಅದು ಕಷ್ಟ. ಆದರೆ ಇದು ನಡೆದುಹೋದ ಘಟನೆಗೆ ಹೊಂದುವ ಅಳತೆ. ನಿಧಾನವಾಗಿ ಒಣಗುವ ಬೋರ್‌ವೆಲ್‌ಗೆ ‘ಘಟನೆ’ ಅನ್ನುವ ದಿನಾಂಕವೇ ಇರುವುದಿಲ್ಲ.

ಕುದುರೆಮುಖ: ಹೊಳೆಯ ಕೆಸರು ಬ್ಯಾಲೆನ್ಸ್ ಶೀಟಿಗೆ ಬಂದ ಬಗೆ

ಈಗ ಸಸ್ಟೇನಬಿಲಿಟಿ ಕಡೆ ಬರೋಣ. ಇಲ್ಲಿ ಪ್ರಶ್ನೆ ಎರಡಾಗಿ ಒಡೆಯುತ್ತದೆ. ಒಂದು, ಹೊರಗಿನ ಪ್ರಪಂಚ ಕಂಪನಿಗೆ ಏನು ಮಾಡುತ್ತದೆ? ಮಳೆ, ಬರ, ಕಾನೂನು, ಜನರ ಸಿಟ್ಟು, ಇವುಗಳಿಂದ ಕಂಪನಿಯ ಹಣಕ್ಕೆ ಏನಾಗುತ್ತದೆ? ಇನ್ನೊಂದು, ಕಂಪನಿ ಹೊರಗಿನ ಪ್ರಪಂಚಕ್ಕೆ ಏನು ಮಾಡುತ್ತದೆ? ಹೊಳೆಗೆ, ಗಾಳಿಗೆ, ಕೆಲಸಗಾರರ ಮೈಗೆ, ಪಕ್ಕದ ಊರಿಗೆ? ಮೊದಲನೆಯದನ್ನು ಮಾತ್ರ ನೋಡಿದರೆ ಒಂದು ಬದಿಯ ನೋಟ. ಎರಡನ್ನೂ ನೋಡುವುದನ್ನು ‘ಡಬಲ್ ಮೆಟೀರಿಯಾಲಿಟಿ’ ಅನ್ನುತ್ತಾರೆ.

ಎರಡರ ನಡುವಿನ ನಂಟನ್ನು ತಿಳಿಯಲು ಕುದುರೆಮುಖಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಇರಾನ್ ಸಾಲ ಕೊಡುತ್ತದೆ, ಇರಾನಿನ ಉಕ್ಕಿನ ಕಾರ್ಖಾನೆಗಳೇ ಅದಿರು ಕೊಳ್ಳುತ್ತವೆ ಅನ್ನುವುದು ಒಪ್ಪಂದ. ಬೆಟ್ಟದ ಮೇಲೆ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಇಳಿಸುವ ಏರ್ಪಾಡು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಸಾಲ ಅರ್ಧಕ್ಕೆ ನಿಂತಿತು, ಕೊಳ್ಳುವವರು ಇಲ್ಲವಾದರು. ಒಬ್ಬನೇ ಗಿರಾಕಿಯನ್ನು ನಂಬಿಕೊಂಡಿರುವುದು ಎಷ್ಟು ದೊಡ್ಡ ಅಪಾಯ ಅಂತ ಯಾವ ಲೆಕ್ಕಿಗನಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಇದು ಲೆಕ್ಕದ ಭಾಷೆಯಲ್ಲೇ ಮಾತಾಡುವ ಅಪಾಯ. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಬದುಕಿತು.

ಇನ್ನೊಂದು ಅಪಾಯ ಮಾತಾಡದೇ ಬೆಳೆಯುತ್ತಿತ್ತು. ಗಣಿ ಇದ್ದದ್ದು ಭದ್ರಾ ಹೊಳೆಯ ಹುಟ್ಟಿನ ಹತ್ತಿರ, ಶೋಲಾ ಕಾಡಿನ ನಡುವೆ. ಮಲೆನಾಡಿನ ಮಳೆ ಗೊತ್ತಲ್ವಾ, ಬಿಟ್ಟೂಬಿಡದೆ ಸುರಿಯುತ್ತದೆ. ಅಗೆದು ಬೆತ್ತಲಾದ ಗುಡ್ಡದ ಮಣ್ಣು ಆ ಮಳೆಗೆ ತೊಳೆದು ಹೊಳೆಗೆ ಇಳಿಯುತ್ತಿತ್ತು. ಕೆಳಗೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಅದರ ಕೆಳಗೆ ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆ, ಅಡಿಕೆ ತೋಟಗಳು. ಕೆಸರಿನ ಪೆಟ್ಟು ತಿನ್ನುವವರು ಅವರು. ಕಂಪನಿಗೆ ಆ ಕೆಸರಿನಿಂದ ಒಂದು ರೂಪಾಯಿಯ ಬಿಲ್ಲೂ ಬರುತ್ತಿರಲಿಲ್ಲ. ಬಿಲ್ ಇಲ್ಲದ್ದನ್ನು ಬ್ಯಾಲೆನ್ಸ್ ಶೀಟಿನ ಯಾವ ಕಾಲಂಗೆ ಹಾಕುತ್ತೀರಿ?

1987ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂತು. 1999ರಲ್ಲಿ ಗಣಿಯ ಲೀಸ್ ಮುಗಿಯಿತು, ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ನಡೆಯಿತು. ಜನ ಹೋರಾಟ ಮಾಡಿದರು. ಅರಣ್ಯ ಇಲಾಖೆಯಲ್ಲಿದ್ದು ಬಂದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ನಿಂತಿತು. ಆಮೇಲೆ ಮಂಗಳೂರಿನ ಪೆಲೆಟ್ (ಅದಿರಿನ ಪುಡಿಯ ಉಂಡೆ) ಘಟಕಕ್ಕೆ ಹೊರಗಿನಿಂದ ಅದಿರು ತರಿಸಬೇಕಾಯಿತು.

ಲೆಕ್ಕದ ಪುಸ್ತಕದಲ್ಲಿ ಇದರ ಅರ್ಥ ಏನು ಅಂತ ಒಂದು ಕ್ಷಣ ಯೋಚಿಸಿ. ಹದಿನೈದು ವರ್ಷ ಬಾಳುತ್ತದೆ ಅಂದುಕೊಂಡು ಕೊಂಡ ಯಂತ್ರ ಗಟ್ಟಿಮುಟ್ಟಾಗೇ ಇರಬಹುದು. ಆದರೆ ಗಣಿಯೇ 2005ಕ್ಕೆ ಮುಚ್ಚುತ್ತದೆ ಅಂದ ಮೇಲೆ, ಬೇರೆಡೆಗೆ ಒಯ್ಯಲಾಗದ ಯಂತ್ರದ ಆಯಸ್ಸೂ 2005ಕ್ಕೇ ಮುಗಿಯುತ್ತದೆ. ಸವಕಳಿಯ ಲೆಕ್ಕ, ಅಂದರೆ ಯಂತ್ರದ ಬೆಲೆಯನ್ನು ಅದರ ಆಯಸ್ಸಿಗೆ ಹಂಚಿ ವರ್ಷ ವರ್ಷ ಖರ್ಚು ತೋರಿಸುವ ಲೆಕ್ಕ, ಬದಲಾಗಬೇಕು. ನೆಲದಡಿ ಇರುವ ಅದಿರಿನ ಬೆಲೆ ಸೊನ್ನೆಯಾಗುತ್ತದೆ. ನೌಕರರ ಬಿಡುಗಡೆಗೆ, ಜಾಗ ಸರಿಮಾಡುವುದಕ್ಕೆ ಹಣ ತೆಗೆದಿಡಬೇಕು. ಹೊಳೆಯಲ್ಲಿದ್ದ ಕೆಸರು ಎಷ್ಟೋ ವರ್ಷಗಳ ಮೇಲೆ ಬ್ಯಾಲೆನ್ಸ್ ಶೀಟಿನ ಒಂದೊಂದೇ ಸಾಲಿಗೆ ಬಂದು ಕೂರುತ್ತದೆ.

ಹಾಗಾದರೆ ಕೆಸರು ಯಾವಾಗ ಮೆಟೀರಿಯಲ್ ಆಯಿತು? ಷೇರುದಾರನ ಕಣ್ಣಿನಿಂದ ನೋಡಿದರೆ ಬಹುಶಃ ಅರ್ಜಿ ಕೋರ್ಟಿಗೆ ಹೋದಾಗ, ಇಲ್ಲವೇ ಲೀಸ್ ಮುಗಿದಾಗ. ಭದ್ರಾವತಿಯ ಕೆಳಗಿನ ರೈತನ ಕಣ್ಣಿನಿಂದ ನೋಡಿದರೆ ಮೊದಲ ಮಳೆಗಾಲದಿಂದಲೇ. ನನ್ನ ಮಾತು ಇಷ್ಟೇ: ಹೊರಗಿನವರಿಗೆ ಆಗುವ ಪೆಟ್ಟು ಕಂಪನಿಗೆ ಬರುವ ಪೆಟ್ಟಿನ ಮುನ್ಸೂಚನೆ. ಹಣ ಹಾಕಿದವನಿಗೂ ಅದು ಮೊದಲೇ ಗೊತ್ತಾಗಬೇಕಾದ ಮಾಹಿತಿ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟರೆ ಇಬ್ಬರೂ ಮೋಸ ಹೋಗುತ್ತಾರೆ.

ಯಾರು ಯಾವ ಕಡೆ?

ಪ್ರಪಂಚದ ಮಾನದಂಡಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. 2023ರ ಜೂನ್‌ನಲ್ಲಿ ಬಂದ ಐಎಫ್‌ಆರ್‌ಎಸ್ ಎಸ್1 ಮತ್ತು ಎಸ್2 ಅನ್ನುವ ಅಂತರರಾಷ್ಟ್ರೀಯ ಸಸ್ಟೇನಬಿಲಿಟಿ ಮಾನದಂಡಗಳು ಹಣ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಕಂಪನಿಯ ಹಣದ ಹರಿವಿಗೆ, ಸಾಲ ಸಿಗುವ ಬಗೆಗೆ ತಟ್ಟುವ ವಿಷಯಗಳು ಅಲ್ಲಿ ಮುಖ್ಯ. ಜಿಆರ್‌ಐ (ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್) ಅನ್ನುವ ಸಂಸ್ಥೆಯ ಮಾನದಂಡ ಇನ್ನೊಂದು ತುದಿಯಲ್ಲಿದೆ. ಕಂಪನಿಯಿಂದ ಜನರಿಗೆ, ಪರಿಸರಕ್ಕೆ ಏನಾಗುತ್ತದೆ ಅನ್ನುವುದೇ ಅದರ ಕೇಂದ್ರ. ಯೂರೋಪು ಎರಡನ್ನೂ ಕೇಳುತ್ತದೆ, ಯಾವುದಾದರೂ ಒಂದು ಕಡೆಯಿಂದ ಮುಖ್ಯವಾದರೂ ಬರೆಯಬೇಕು. 2025ರಲ್ಲಿ ಯೂರೋಪು ಈ ನಿಯಮ ತಟ್ಟುವ ಕಂಪನಿಗಳ ಸಂಖ್ಯೆಯನ್ನು ಬಹಳ ಕಡಿಮೆ ಮಾಡಲು ಹೊರಟಿತು, ಆದರೆ ಎರಡೂ ಕಡೆಯಿಂದ ನೋಡುವ ತತ್ವವನ್ನು ಕೈಬಿಡಲಿಲ್ಲ.

ನಮ್ಮಲ್ಲಿ ಇರುವುದು ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸಸ್ಟೇನಬಿಲಿಟಿ ಬಗ್ಗೆ ಸೆಬಿ ಕೇಳುವ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ಕಡ್ಡಾಯ. ಇದರ ರಚನೆ ಸ್ವಲ್ಪ ಬೇರೆ. ಮೊದಲ ಭಾಗದಲ್ಲಿ ಒಂದು ಕೋಷ್ಟಕ ಇದೆ. ನಿಮ್ಮ ಮುಖ್ಯ ವಿಷಯಗಳು ಯಾವುವು, ಅದು ಅಪಾಯವೋ ಅವಕಾಶವೋ, ಯಾಕೆ ಹಾಗೆ, ಏನು ಮಾಡುತ್ತಿದ್ದೀರಿ, ಹಣಕಾಸಿನ ಪರಿಣಾಮ ಒಳ್ಳೆಯದೋ ಕೆಟ್ಟದ್ದೋ ಅಂತ ಕಂಪನಿಯೇ ಹೇಳಬೇಕು. ಆಮೇಲಿನ ಭಾಗದಲ್ಲಿ ಒಂಬತ್ತು ತತ್ವಗಳ ಅಡಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳು. ನಿಮಗೆ ಮುಖ್ಯ ಅನ್ನಿಸಲಿ ಬಿಡಲಿ, ಕಡ್ಡಾಯ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.

ಸಾಫ್ಟ್‌ವೇರ್ ಕಂಪನಿಗೂ ಸಿಮೆಂಟ್ ಕಂಪನಿಗೂ ಒಂದೇ ಪ್ರಶ್ನೆ ಯಾಕೆ ಅಂತ ಬೇಸರ ಪಡುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಯಾವುದು ಮುಖ್ಯ ಅನ್ನುವ ಆಯ್ಕೆಯನ್ನು ಪೂರ್ತಿ ಕಂಪನಿಯ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಆ ಮೀಟಿಂಗ್ ರೂಮಿನಲ್ಲಿ ಕಣ್ಣಾರೆ ನೋಡಿದ್ದೇನೆ. ಬಿಆರ್‌ಎಸ್‌ಆರ್‌ನಲ್ಲಿ ನೀರನ್ನು ಎಲ್ಲಿಂದ ತೆಗೆದುಕೊಂಡಿರಿ ಅಂತ ಬಿಡಿಸಿ ಕೇಳುತ್ತಾರೆ: ಹೊಳೆ-ಕೆರೆಯದು, ಅಂತರ್ಜಲ, ಬೇರೆಯವರು ಪೂರೈಸಿದ್ದು, ಸಮುದ್ರದ್ದು, ಇತರೆ. ಟ್ಯಾಂಕರ್ ನೀರು ‘ಬೇರೆಯವರು ಪೂರೈಸಿದ್ದು’ ಅನ್ನುವ ಸಾಲಿಗೆ ಬರುತ್ತದೆ. ಅಂದರೆ ‘ಇತರೆ ಖರ್ಚು’ಗಳ ಕತ್ತಲೆಯಿಂದ ಅದಕ್ಕೆ ಒಂದು ಸ್ವಂತ ಸಾಲು ಸಿಕ್ಕಿತು. ಆದರೆ ನೀರಿಗೆ ಕಷ್ಟವಿರುವ ಪ್ರದೇಶದಲ್ಲಿ ಎಷ್ಟು ತೆಗೆದಿರಿ ಅನ್ನುವ ಪ್ರಶ್ನೆ ಮಾತ್ರ ಐಚ್ಛಿಕ ಪಟ್ಟಿಯಲ್ಲಿದೆ. ನನ್ನ ಮಟ್ಟಿಗೆ ಇದು ತಲೆಕೆಳಗು. 10 ಟ್ಯಾಂಕರ್ ನೀರು ಮಂಗಳೂರಿನಲ್ಲಿ ಒಂದು ಮಾತು, ಕೋಲಾರದಲ್ಲಿ ಇನ್ನೊಂದು ಮಾತು.

2023ರಲ್ಲಿ ಸೆಬಿ ಬಿಆರ್‌ಎಸ್‌ಆರ್ ಕೋರ್ ಅಂತ ಆಯ್ದ ಅಂಕಿಗಳ ಗುಂಪು ಮಾಡಿ, ಅವುಗಳನ್ನು ಹೊರಗಿನವರಿಂದ ಪರಿಶೀಲಿಸಬೇಕು ಅಂತ ಹೇಳಿತು. ಮೊದಲ 150 ಕಂಪನಿಗಳಿಂದ ಶುರುವಾಗಿ ಹಂತ ಹಂತವಾಗಿ 1,000ಕ್ಕೆ ಹೋಗುವ ಯೋಜನೆ. ಅಂಕಿ ಸರಿಯಿದೆಯಾ ಅಂತ ನೋಡುವುದಕ್ಕೆ ಇದು ಒಳ್ಳೆಯದು. ಸರಿಯಾದ ವಿಷಯವನ್ನೇ ಆರಿಸಿದ್ದಾರಾ ಅನ್ನುವುದು ಬೇರೆ ಪ್ರಶ್ನೆ.

ಮರೆಮಾಡುವುದಕ್ಕೆ ಸುಳ್ಳು ಬೇಕಾಗಿಲ್ಲ

ಹಣಕಾಸಿನ ಮಾನದಂಡದ ವ್ಯಾಖ್ಯೆಯಲ್ಲಿ ‘ಕಣ್ಣಿಗೆ ಬೀಳದ ಹಾಗೆ ಮಾಡಿದರೆ’ ಅನ್ನುವ ಮಾತು ಮೊದಲು ಇರಲಿಲ್ಲ. ಅಂತರರಾಷ್ಟ್ರೀಯ ಮಾನದಂಡಕ್ಕೆ 2018ರಲ್ಲಿ ಸೇರಿಸಿದರು, ನಮ್ಮ ದೇಶದ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್‌ಗೆ 2020ರಲ್ಲಿ ಬಂತು. ಚಿಕ್ಕ ತಿದ್ದುಪಡಿ, ದೊಡ್ಡ ಅರ್ಥ. ಇನ್ನೂರು ಪುಟದ ವರದಿಯಲ್ಲಿ ಗಿಡ ನೆಟ್ಟ ಫೋಟೋ, ಯೋಗ ದಿನದ ಫೋಟೋ, ಎಲ್‌ಇಡಿ ಬಲ್ಬು ಹಾಕಿದ ಕಥೆ ಎಲ್ಲ ಬರೆದು, ನೂರಾ ಎಪ್ಪತ್ತನೇ ಪುಟದ ಅಡಿಟಿಪ್ಪಣಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿನ ಬಗ್ಗೆ ಒಂದು ಸಾಲು ಹಾಕಿದರೆ, ಅದೂ ಮಾಹಿತಿಯನ್ನು ಬಿಟ್ಟ ಹಾಗೆಯೇ.

ನೀವು ಷೇರು ಕೊಂಡಿದ್ದರೆ, ಅಥವಾ ನಿಮ್ಮ ಪಕ್ಕದಲ್ಲೇ ಒಂದು ಕಾರ್ಖಾನೆ ಇದ್ದರೆ, ವರದಿಯನ್ನು ಮುಂದಿನಿಂದ ಓದಬೇಡಿ. ಮುಖ್ಯ ವಿಷಯಗಳ ಆ ಕೋಷ್ಟಕಕ್ಕೆ ನೇರ ಹೋಗಿ. ಹಣಕಾಸಿನ ಪರಿಣಾಮದ ಕಾಲಂ ನೋಡಿ. ಎಷ್ಟೋ ಕಡೆ ‘ನೆಗೆಟಿವ್’ ಅಂತ ಒಂದೇ ಪದ ಇರುತ್ತದೆ, ಯಾಕೆಂದರೆ ನಮೂನೆ ಅಷ್ಟನ್ನೇ ಕೇಳುತ್ತದೆ. ಆಮೇಲೆ ಅದೇ ವಿಷಯ ಹಣಕಾಸಿನ ಟಿಪ್ಪಣಿಗಳಲ್ಲಿ ಇದೆಯಾ ಅಂತ ಹುಡುಕಿ. ಮುಂದೆ ಬರಬಹುದಾದ ಹೊಣೆಗಳು, ಕೋರ್ಟು ಕೇಸುಗಳು, ಯಂತ್ರಗಳ ಆಯಸ್ಸು. ಹವಾಮಾನ ದೊಡ್ಡ ಅಪಾಯ ಅಂತ ಮುಂದೆ ಬರೆದು, ಹಿಂದೆ ಲೆಕ್ಕದಲ್ಲಿ ಏನೂ ಬದಲಾಗಿಲ್ಲ ಅಂದರೆ, ಎರಡು ಇಲಾಖೆಗಳು ಪರಸ್ಪರ ಮಾತಾಡಿಲ್ಲ ಅಂತ ಅರ್ಥ. ಹೋದ ವರ್ಷದ ಪಟ್ಟಿಯಲ್ಲಿ ಇದ್ದದ್ದು ಈ ವರ್ಷ ಕಾಣದಿದ್ದರೆ ಯಾಕೆ ಹೋಯಿತು ಅಂತಲೂ ಕೇಳಿ. ಕೊನೆಗೆ, ಯಾರನ್ನು ಕೇಳಿ ಪಟ್ಟಿ ಮಾಡಿದರು ಅನ್ನುವುದನ್ನು ಓದಿ. ಇಂಗ್ಲಿಷಿನ ಆನ್‌ಲೈನ್ ಫಾರಂ ತುಂಬಿದವರು ಮಾತ್ರವೋ, ಗುತ್ತಿಗೆ ಕಾರ್ಮಿಕರನ್ನೂ ಪಕ್ಕದ ಪಂಚಾಯಿತಿಯವರನ್ನೂ ಕೂರಿಸಿ ಮಾತಾಡಿಸಿದರೋ?

ನಾವು ಆ ದಿನ ಮಧ್ಯಾಹ್ನ ಗೇಟಿನ ರಿಜಿಸ್ಟರನ್ನು ಮೀಟಿಂಗ್ ರೂಮಿಗೆ ತರಿಸಿದೆವು. ಪ್ರೊಡಕ್ಷನ್ ಮ್ಯಾನೇಜರ್ ಅಲ್ಲಿಯವರೆಗೆ ಜಾಸ್ತಿ ಮಾತಾಡಿರಲಿಲ್ಲ. ಪುಟ ತಿರುಗಿಸಿ ಮೆಲ್ಲಗೆ ಹೇಳಿದರು, ಹೋದ ವಾರ ಎರಡು ರಾತ್ರಿ ಪಾಳಿ ನಿಂತಿತ್ತು, ಮಾಲು ಒಂದು ದಿನ ತಡವಾಗಿ ಹೋಯಿತು ಅಂತ. ಪ್ರಶ್ನೆ ನೀರಿಗೆ ಎಷ್ಟು ಖರ್ಚು ಅನ್ನುವುದಾಗಿರಲಿಲ್ಲ, ನೀರು ಬರದಿದ್ದರೆ ಎಷ್ಟು ನಷ್ಟ ಅನ್ನುವುದಾಗಿತ್ತು. ಆ ತಿಂಗಳು ಸರ್ಕಾರದ ಲೆಕ್ಕದಲ್ಲೇ ನಗರದ ಸುಮಾರು 13,900 ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಅಕೌಂಟ್ಸ್ ಮ್ಯಾನೇಜರೇ ಎದ್ದು ಹೋಗಿ ಚುಕ್ಕಿಯನ್ನು ಅಳಿಸಿ ಮೇಲಿಟ್ಟರು.

ಆದರೆ ಅದು ಇನ್ನೂ ಅರ್ಧ ಉತ್ತರ. ಟ್ಯಾಂಕರಿನ ನೀರು ಆಕಾಶದಿಂದ ಬರುವುದಿಲ್ಲ. ಯಾವುದೋ ಊರಿನ ಬೋರ್‌ವೆಲ್‌ನಿಂದ ತುಂಬಿಸಿಕೊಂಡು ಬರುತ್ತಾರೆ. ಯಾವ ಊರು, ಆ ಊರಿನವರಿಗೆ ಕುಡಿಯುವ ನೀರು ಎಷ್ಟು ಗಂಟೆ ಬರುತ್ತದೆ ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲೂ ಇರಲಿಲ್ಲ, ಅದಕ್ಕೆ ಕಾಲಮೇ ಇರಲಿಲ್ಲ.

ಮುಂದಿನ ವರ್ಷ ಅದೇ ಕೆಲಸಕ್ಕೆ ಹೋದಾಗ ಮೊದಲು ಗೇಟಿನಲ್ಲಿ ನಿಂತೆ. ಹೊಸ ರಿಜಿಸ್ಟರ್, ಅದೇ ಹಿರಿಯರು. ಲೀಟರ್ ಕಾಲಂ ಪಕ್ಕದಲ್ಲಿ ಸ್ಕೇಲು ಇಟ್ಟು ಕೈಯಲ್ಲಿ ಒಂದು ಗೆರೆ ಎಳೆದಿದ್ದರು. ಮೇಲೆ ನೀಲಿ ಪೆನ್ನಿನಲ್ಲಿ ಬರೆದಿತ್ತು: ‘ಎಲ್ಲಿಂದ’. ಅದರ ಕೆಳಗೆ ಊರಿನ ಹೆಸರುಗಳು ಸಾಲಾಗಿ ಇದ್ದವು.